ಅವಸರವೇ ಇಲ್ಲದ ಪಿಟೀಲು

ಯಾರಾದರೂ ಹೇಳಿದ್ದನ್ನೇ ಹೇಳ್ತಾ ತಲೆ ತಿಂದರೆ ನಾವು ‘ಪಿಟೀಲು ಕುಯ್ಯಬೇಡ ಮಾರಾಯ’ ಅಂತೀವಿ. ಈ ಬೈಗುಳವನ್ನು ಅಕ್ಷರಶಃ ತಗೊಂಡರೆ ಐರ್ಲೆಂಡಿನ ಇಡೀ ಜನಪದ ಸಂಗೀತ ಒಂದು ದೊಡ್ಡ ಪಿಟೀಲು ಕುಯ್ಯುವಿಕೆ. ಅಲ್ಲಿನ ಒಂದು ಸಾಮಾನ್ಯ ರೀಲ್ ತಗೊಳ್ಳಿ. ಮೊದಲ ಭಾಗಕ್ಕೆ 8 ಬಾರ್, ಅದನ್ನೇ ಮತ್ತೊಮ್ಮೆ ನುಡಿಸ್ತಾರೆ. ಎರಡನೇ ಭಾಗಕ್ಕೆ 8 ಬಾರ್, ಅದೂ ಮತ್ತೊಮ್ಮೆ. ಒಟ್ಟು 32. ಅಲ್ಲಿಗೆ ಮುಗೀತಾ? ಇಲ್ಲ, ಮತ್ತೆ ಮೊದಲಿಂದ. ಎರಡು ಮೂರು ಸುತ್ತಾದ ಮೇಲೆ ನಿಲ್ಲಿಸದೇ ಇನ್ನೊಂದು ಟ್ಯೂನಿಗೆ ಹಾರ್ತಾರೆ. ಆ ಟ್ಯೂನಿನ ಕಥೆಯೂ ಇದೇ.

ಇಷ್ಟು ಸಣ್ಣ ಜಾಗದಲ್ಲಿ ಒಬ್ಬ ಮನುಷ್ಯ ಬದುಕಿಡೀ ಓಡಾಡಿಕೊಂಡಿದ್ದಾನೆ, ಇನ್ನೂ ಅವನಿಗೆ ಬೇಜಾರು ಬಂದಿಲ್ಲ, ಕೇಳುವ ನನಗೂ ಬಂದಿಲ್ಲ. ಅವನ ಹೆಸರು ಮಾರ್ಟಿನ್ ಹೇಯ್ಸ್. ಐರ್ಲೆಂಡಿನ ಪಶ್ಚಿಮದಲ್ಲಿರುವ ಕ್ಲೇರ್ ಕೌಂಟಿಯವನು. ಹುಟ್ಟಿದ್ದು 1962ರಲ್ಲಿ. ಇವನ ಪಿಟೀಲನ್ನು ನಾನು ಸುಮಾರು ವರ್ಷ ತಪ್ಪಾಗಿ ಮೆಚ್ಚಿಕೊಂಡಿದ್ದೆ. ಆ ತಪ್ಪು ಹೇಗೆ ಗೊತ್ತಾಯ್ತು ಅನ್ನೋದನ್ನೂ ಈ ಬರಹದಲ್ಲಿ ಹೇಳಬೇಕು.

ಮೊದಲು ಕೇಳಿದ್ದು ಬೆಂಗಳೂರಿನಲ್ಲಿ, ಹೆಡ್‌ಫೋನಿನಲ್ಲಿ, ಕೆಲಸ ಮಾಡ್ತಾ. ‘ಫೋಕಸ್’ ಅಂತ ಹೆಸರಿಟ್ಟುಕೊಂಡ ಒಂದು ಪ್ಲೇಲಿಸ್ಟ್ ಇತ್ತು. ಮಳೆ ಶಬ್ದ, ಪಿಯಾನೋ, ಸಂತೂರ್, ಆಮೇಲೆ ಅದೆಲ್ಲಿಂದಲೋ ಬಂದು ಸೇರಿಕೊಂಡ ಹೇಯ್ಸ್‌ನ ಟ್ರ್ಯಾಕ್. 1997ರ ‘ದ ಲೋನ್‌ಸಮ್ ಟಚ್’ ಆಲ್ಬಮ್ಮಿನ ‘ಪ್ಯಾಡಿ ಫಾಹೀಸ್ ರೀಲ್’. ನಿಧಾನಕ್ಕೆ, ಪಕ್ಕದ ಮನೆಯವರಿಗೆ ತೊಂದರೆ ಆಗಬಾರದು ಅನ್ನುವ ಹಾಗೆ ಶುರುವಾಗುವ ಪಿಟೀಲು. ಜೊತೆಗೆ ಡೆನಿಸ್ ಕೇಹಿಲ್‌ನ ಗಿಟಾರ್, ಅದೂ ಇದ್ದೂ ಇಲ್ಲದ ಹಾಗೆ. ಎಂಥಾ ಶಾಂತಿ ಅನ್ನಿಸಿತು. ಸ್ಪ್ರಿಂಟ್ ಮುಗಿಯುವ ವಾರಗಳಲ್ಲಿ ಇದನ್ನು ರಿಪೀಟ್ ಹಾಕಿಕೊಂಡು ಕೂತಿದ್ದೇನೆ.

ಇನ್ನೊಂದು ಕಾರಣವೂ ಇತ್ತು. ಚಿಕ್ಕಂದಿನಲ್ಲಿ ಐದು ವರ್ಷ ವಯಲಿನ್ ಕಲಿತು ಬಿಟ್ಟವನು ನಾನು. ಮೊದಲ ಕಾಲದಲ್ಲಿ ಪರವಾಗಿಲ್ಲ, ಎರಡನೇ ಕಾಲ ಹೇಗೋ ಆಯ್ತು, ಮೂರನೇ ಕಾಲ ಬಂತು ಅಂದರೆ ಬೆರಳೊಂದು ಕಡೆ ಕಮಾನೊಂದು ಕಡೆ. ಮೇಷ್ಟ್ರು ಕಣ್ಣು ಮುಚ್ಚಿಕೊಳ್ತಿದ್ದರು, ಆನಂದದಿಂದಲ್ಲ. ಹಾಗಾಗಿ ದೊಡ್ಡ ವೇದಿಕೆಗಳಲ್ಲಿ ಇಷ್ಟು ನಿಧಾನವಾಗಿ ನುಡಿಸುವವನೂ ಒಬ್ಬ ಇದ್ದಾನೆ ಅಂತ ಗೊತ್ತಾದಾಗ ನನಗೆ ಆದದ್ದು ರಸಾನುಭವಕ್ಕಿಂತ ಹೆಚ್ಚಾಗಿ ಸಮಾಧಾನ. ನೋಡಿ, ನಮ್ಮ ಪಾರ್ಟಿ!

ಆಮೇಲೆ ಕಂಪನಿ ಕೆಲಸದ ಮೇಲೆ ಎಂಟು ತಿಂಗಳು ಡಬ್ಲಿನ್‌ನಲ್ಲಿ ಇರಬೇಕಾಯ್ತು. ಅಲ್ಲಿನ ಟೀಮಿನಲ್ಲಿ ಕ್ಲೇರ್ ಕಡೆಯ ಒಬ್ಬಳಿದ್ದಳು. ಮಧ್ಯಾಹ್ನದ ಊಟಕ್ಕೆ ಕೂತಾಗ ನಾನು ದೊಡ್ಡಸ್ತಿಕೆಯಿಂದ, ನಿಮ್ಮ ಹೇಯ್ಸ್‌ನನ್ನು ಕೇಳ್ತಾ ನಾನು ದಿನಾ ಕೋಡ್ ಬರೀತೀನಿ, ಕೆಲವೊಮ್ಮೆ ನಿದ್ದೆ ಕೂಡಾ ಮಾಡ್ತೀನಿ ಅಂದೆ. ಅವಳು ನಗಲಿಲ್ಲ. ಅದು ಕುಣಿಯೋ ಸಂಗೀತ ಕಣಯ್ಯಾ, ಅದನ್ನು ಕೇಳಿ ಮಲಗ್ತೀಯಾ ಅನ್ನೋ ಅರ್ಥದ ಮಾತು ಹೇಳಿ ಸ್ಯಾಂಡ್‌ವಿಚ್ ತಿನ್ನೋದು ಮುಂದುವರಿಸಿದಳು. ಯಾರಾದರೂ ನಮ್ಮ ಡೊಳ್ಳು ಕುಣಿತದ ರೆಕಾರ್ಡಿಂಗನ್ನು ಮಗು ಮಲಗಿಸೋಕೆ ಹಾಕ್ತೀನಿ ಅಂದಿದ್ದರೆ ನನ್ನ ಮುಖವೂ ಹಾಗೇ ಆಗ್ತಿತ್ತೇನೋ.

ಆ ಮಾತು ತಲೆಯಲ್ಲಿ ಕೂತುಬಿಡ್ತು. ನಾನು ಮೆಚ್ಚಿದ್ದು ಹೇಯ್ಸ್‌ನನ್ನಾ, ಅಥವಾ ಅವನಲ್ಲಿ ಕಂಡ ನನ್ನದೇ ಅನುಕೂಲವನ್ನಾ? ಹಾಗಾಗಿ ಮೊದಲಿಂದ ಕೇಳೋಕೆ ಶುರು ಮಾಡಿದೆ.

ಮೊದಲಿಂದ ಅಂದರೆ ಅವನಿಗಿಂತ ಮೊದಲಿಂದ. ಹೇಯ್ಸ್ ಹುಟ್ಟಿದ್ದು ಪೂರ್ವ ಕ್ಲೇರ್‌ನ ಫೀಕಲ್ ಹತ್ತಿರದ ಮಹೆರಾ ಅನ್ನುವ ಹಳ್ಳಿ ಕಡೆ. ಅಪ್ಪ ಪಿ. ಜೋ ಹೇಯ್ಸ್ ರೈತ, ಪಿಟೀಲುಗಾರ, 1946ರಲ್ಲಿ ಶುರುವಾದ ಟಲ್ಲಾ ಕೇಯ್ಲಿ ಬ್ಯಾಂಡಿನ ನಾಯಕ. ಕೇಯ್ಲಿ ಬ್ಯಾಂಡ್ ಅಂದರೆ ಪಿಟೀಲು, ಕೊಳಲು, ಅಕಾರ್ಡಿಯನ್, ಪಿಯಾನೋ, ಡ್ರಮ್ ಸೇರಿಕೊಂಡು ಕುಣಿಯುವವರಿಗಾಗಿ ನುಡಿಸುವ ತಂಡ. ಅತ್ತೆಯ ಗಂಡ ಪ್ಯಾಡಿ ಕ್ಯಾನಿ ಕೂಡ ಪಿಟೀಲುಗಾರ, ಅದೇ ಬ್ಯಾಂಡಿನವನು. ಹುಡುಗ ಮಾರ್ಟಿನ್ ಹದಿಹರೆಯದಲ್ಲೇ ಅಪ್ಪನ ಪಕ್ಕ ಕೂತು ಈ ಬ್ಯಾಂಡಿನಲ್ಲಿ ನುಡಿಸಿದ. ಅಂದರೆ ಅವನು ಸಂಗೀತ ಕಲಿತಿದ್ದು ಕುಣಿಯುವವರ ಕಾಲುಗಳನ್ನು ನೋಡ್ತಾ. ತಾಳ ಒಂಚೂರು ಜಾರಿದರೂ ಎದುರಿಗೆ ನಾಲ್ಕು ಜೋಡಿ ಎಡವುತ್ತೆ. ಇದಕ್ಕಿಂತ ಕಠಿಣವಾದ ಪರೀಕ್ಷಕರು ಎಲ್ಲಿ ಸಿಗ್ತಾರೆ?

ಪರೀಕ್ಷೆ ಅಂದೆನಲ್ಲ, ಅದನ್ನೂ ಅವನು ಬಿಡಲಿಲ್ಲ. ಅಖಿಲ ಐರ್ಲೆಂಡ್ ಪಿಟೀಲು ಸ್ಪರ್ಧೆಯಲ್ಲಿ ಆರು ಸಲ ಚಾಂಪಿಯನ್. ಇದನ್ನು ಓದಿದಾಗ ನನ್ನ ‘ನಮ್ಮ ಪಾರ್ಟಿ’ ಕಲ್ಪನೆ ಠುಸ್ ಅಂತು. ನನಗೆ ಮೂರನೇ ಕಾಲ ಬರದೇ ಇದ್ದದ್ದಕ್ಕೆ ನಾನು ನಿಧಾನ. ಅವನಿಗೆ ಎಲ್ಲಾ ಕಾಲವೂ ಬರುತ್ತೆ, ಆದರೂ ನಿಧಾನ. ಎರಡೂ ಒಂದೇ ಅಲ್ಲ.

ಹಾಗಾದರೆ ಈ ನಿಧಾನ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ಇತಿಹಾಸ ಬೇಕು. 1914ರಲ್ಲಿ ಸ್ಲೈಗೋ ಕೌಂಟಿಯ ಮೈಕಲ್ ಕೋಲ್‌ಮನ್ ಅನ್ನುವ ಪಿಟೀಲುಗಾರ ಅಮೆರಿಕಕ್ಕೆ ವಲಸೆ ಹೋದ. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಅವನು ಕೊಟ್ಟ ಗ್ರಾಮಫೋನ್ ರೆಕಾರ್ಡುಗಳು ಹಡಗು ಹತ್ತಿ ವಾಪಸ್ ಐರ್ಲೆಂಡಿಗೆ ಬಂದವು. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಜಾಗ, ಅಷ್ಟರಲ್ಲೇ ಮಿಂಚು ಹರಿಸುವಂಥ ಕೈಚಳಕ. ಕೋಲ್‌ಮನ್ ನಿಜಕ್ಕೂ ಅದ್ಭುತ ವಾದಕ, ಅದರಲ್ಲಿ ಅನುಮಾನ ಬೇಡ. ಆದರೆ ಊರೂರಿನ ಹುಡುಗರೆಲ್ಲ ಆ ರೆಕಾರ್ಡನ್ನೇ ಕಲಿಯೋಕೆ ಹೊರಟಾಗ ತಮ್ಮ ಊರಿನ ಅಜ್ಜಂದಿರ ನುಡಿಸಾಣಿಕೆ ಹಳ್ಳಿ ಗಮಾರರದ್ದು ಅನ್ನಿಸತೊಡಗಿತು. ಅದರ ಮೇಲೆ 1935ರಲ್ಲಿ ಪಬ್ಲಿಕ್ ಡಾನ್ಸ್ ಹಾಲ್ಸ್ ಕಾಯ್ದೆ ಬಂತು. ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅಂದ ಆ ಕಾನೂನನ್ನು ಅಡುಗೆಮನೆಗಳಲ್ಲಿ ನಡೀತಿದ್ದ ಕುಣಿತಗಳ ಮೇಲೂ ಝಳಪಿಸಿದರು. ಮನೆಯೊಳಗಿನ ಸಂಗೀತ ಹಾಲ್‌ಗಳಿಗೆ ಬಂತು. ಹಾಲ್ ದೊಡ್ಡದು, ಮೈಕ್ ಇಲ್ಲ, ಒಂಟಿ ಪಿಟೀಲು ಕೇಳಿಸಲ್ಲ. ಆದ್ದರಿಂದ ಬ್ಯಾಂಡ್ ಬೇಕು, ಸದ್ದು ಬೇಕು.

ಇದರ ನಡುವೆಯೂ ಪೂರ್ವ ಕ್ಲೇರ್‌ನಲ್ಲಿ ಹಳೆಯ ಒಂದು ರುಚಿ ಉಳಿದುಕೊಂಡಿತ್ತು. ಅಲ್ಲಿನವರು ಒಬ್ಬ ವಾದಕನನ್ನು ಹೊಗಳಬೇಕಾದರೆ ವೇಗವಾಗಿ ನುಡಿಸ್ತಾನೆ ಅನ್ನುತ್ತಿರಲಿಲ್ಲ, ಅವನಲ್ಲಿ ‘ಲೋನ್‌ಸಮ್ ಟಚ್’ ಇದೆ ಅನ್ನುತ್ತಿದ್ದರು. ಇದನ್ನು ಕನ್ನಡಕ್ಕೆ ತಂದರೆ ‘ಒಂಟಿತನದ ಸ್ಪರ್ಶ’ ಅಂತ ಸಾಯಂಕಾಲದ ಧಾರಾವಾಹಿ ಹೆಸರಿನ ಹಾಗೆ ಕೇಳುತ್ತೆ, ಬೇಡ. ಕರುಳಿಗೆ ತಾಗುವ ಗುಣ ಅನ್ನಬಹುದು. ಹೇಯ್ಸ್ ತನ್ನ ಆಲ್ಬಮ್ಮಿಗೆ ಈ ಹೆಸರಿಟ್ಟಿದ್ದು ಸ್ವಂತ ಬ್ರ್ಯಾಂಡಿಂಗ್‌ಗಾಗಿ ಅಲ್ಲ. ಅದು ಅವನ ಊರಿನ ಜನರ ಮಾತು, ಅವನು ಹುಟ್ಟೋಕೆ ಮುಂಚಿನಿಂದ ಇದ್ದದ್ದು.

ಇದಕ್ಕೆ ಸಾಕ್ಷಿ ಬೇಕು ಅಂದರೆ 1959ರಲ್ಲಿ ಬಂದ ‘ಆಲ್ ಐರ್ಲೆಂಡ್ ಚಾಂಪಿಯನ್ಸ್’ ಎಲ್‌ಪಿ ಕೇಳಿ. ಪ್ಯಾಡಿ ಕ್ಯಾನಿ, ಪಿ. ಜೋ ಹೇಯ್ಸ್, ಕೊಳಲಿಗೆ ಪ್ಯಾಡರ್ ಓ’ಲಾಕ್ಲಿನ್, ಪಿಯಾನೋಗೆ ಬ್ರೈಡಿ ಲ್ಯಾಫರ್ಟಿ. ಪಿಟೀಲಿನ ದನಿಯಲ್ಲಿ ಒಂದು ಮಬ್ಬು ಇದೆ. ಕೆಲವು ಸ್ವರಗಳು ಪಿಯಾನೋದ ಯಾವ ಮನೆಗೂ ಸೇರದೆ ಹೊಸ್ತಿಲ ಮೇಲೆ ನಿಂತಿವೆ. ಬೆರಳು ಕೆಳಗಿನಿಂದ ಮೆಲ್ಲಗೆ ಜಾರಿ ಸ್ವರಕ್ಕೆ ತಲುಪುತ್ತೆ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಷ್ಟು ಜಾಗ ಇದೆ ಅಂತ ಗೊತ್ತಿರುವ ಕಿವಿಗೆ ಇದು ತಕ್ಷಣ ಹಿಡಿಸುತ್ತೆ. ಹೇಯ್ಸ್‌ನ ಎಷ್ಟೋ ವಿಶೇಷಗಳು ಅವನ ಸ್ವಂತದ್ದು ಅಂದುಕೊಂಡಿದ್ದೆ. ಅಪ್ಪನ ತಲೆಮಾರಿನ ಈ ರೆಕಾರ್ಡಿನಲ್ಲಿ ಅವೆಲ್ಲ ಆಗಲೇ ಇವೆ.

ಹಾಗಾದರೆ ಮಗ ಮಾಡಿದ್ದೇನು? ನನ್ನ ಕಿವಿಗೆ ಕೇಳಿಸುವುದು ಮೂರು.

ಮೊದಲನೆಯದು, ಅವನು ತೆಗೆದುಹಾಕ್ತಾನೆ. ಐರಿಷ್ ಪಿಟೀಲಿನಲ್ಲಿ ‘ರೋಲ್’ ಅಂತ ಒಂದು ಅಲಂಕಾರ ಇದೆ. ಒಂದು ಸ್ವರ ಹಿಡಿದು ಅದರ ಮೇಲಿನದನ್ನೂ ಕೆಳಗಿನದನ್ನೂ ಮುಟ್ಟಿ ಬರುವ ಐದು ಸ್ವರದ ಚಿಕ್ಕ ಸುರುಳಿ. ಬೇರೆಯವರು ಹತ್ತು ರೋಲ್ ಹಾಕುವ ಕಡೆ ಇವನು ಎರಡು ಹಾಕ್ತಾನೆ. ಒಂದು ಸುತ್ತಿನಲ್ಲಿ ಇಟ್ಟ ಅಲಂಕಾರವನ್ನು ಮುಂದಿನ ಸುತ್ತಿನಲ್ಲಿ ಕಿತ್ತು ಬರೀ ಸ್ವರ ಇಡ್ತಾನೆ. ಆಗ ಗೊತ್ತಾಗುತ್ತೆ, ಟ್ಯೂನಿನ ಮೂಳೆ ಎಷ್ಟು ಗಟ್ಟಿ ಅಂತ.

ಎರಡನೆಯದು, ಅವನು ಬದಲಿಸುವುದು ಕಮಾನಿನಲ್ಲಿ. ಎಡಗೈ ಬೆರಳುಗಳು ಹೆಚ್ಚುಕಡಿಮೆ ಅದನ್ನೇ ಹೇಳ್ತಿರುತ್ತವೆ. ಬಲಗೈ ಮಾತ್ರ ಪ್ರತಿ ಸುತ್ತಿನಲ್ಲೂ ಒತ್ತು ಎಲ್ಲಿ ಬೀಳಬೇಕು ಅನ್ನೋದನ್ನು ಒಂಚೂರು ಅತ್ತಿತ್ತ ಸರಿಸುತ್ತೆ. ಒಂದೇ ವಾಕ್ಯವನ್ನು ‘ನೀನು ನಾಳೆ ಬರ್ತೀಯಾ’, ‘ನೀನು ನಾಳೆ ಬರ್ತೀಯಾ’ ಅಂತ ಎರಡು ಸಲ ಹೇಳಿ ನೋಡಿ. ಒಮ್ಮೆ ‘ನೀನು’ ಮೇಲೆ ಒತ್ತು, ಇನ್ನೊಮ್ಮೆ ‘ನಾಳೆ’ ಮೇಲೆ. ಕಾಗದದ ಮೇಲೆ ಏನೂ ವ್ಯತ್ಯಾಸ ಇಲ್ಲ, ಕೇಳಿಸಿಕೊಂಡವನಿಗೆ ಎರಡು ಬೇರೆ ಪ್ರಶ್ನೆ. ಹೇಳಿದ್ದನ್ನೇ ಹೇಳಿದರೂ ಪಿಟೀಲು ಕುಯ್ದಂತೆ ಆಗದೇ ಇರೋದು ಹೀಗೆ.

ಮೂರನೆಯದು, ಕಾಯೋದು. ಅವನ ಕಛೇರಿಗಳಲ್ಲಿ ಒಂದು ಟ್ಯೂನ್ ಪಿಸುಮಾತಿನಲ್ಲಿ ಶುರುವಾಗಿ, ಇನ್ನೊಂದಕ್ಕೆ ದಾಟಿ, ಮತ್ತೊಂದಕ್ಕೆ ದಾಟಿ, ಬಿಸಿ ಏರ್ತಾ ಹೋಗುತ್ತೆ. 1999ರ ‘ಲೈವ್ ಇನ್ ಸಿಯಾಟಲ್’ ಆಲ್ಬಮ್ಮಿನಲ್ಲಿ ಹೀಗೆ ಹೆಣೆದ ಒಂದೇ ಸರಣಿ ಸುಮಾರು 28 ನಿಮಿಷ ಇದೆ. ಕೋಲ್‌ಮನ್‌ನ ಮೂರು ನಿಮಿಷದ ಮಗ್ಗುಲಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಇದನ್ನೆಲ್ಲ ಕೇಳುವಾಗ ನನ್ನ ಬಾಯಿಗೆ ಮೊದಲು ಬಂದ ಪದ ‘ಆಲಾಪನೆ’. ಅದೇ ನಾನು ಮಾಡಿದ ತಪ್ಪು. ಆಲಾಪನೆಯಲ್ಲಿ ತಾಳ ಇಲ್ಲ. ಹೇಯ್ಸ್‌ನಲ್ಲಿ ತಾಳ ಇಲ್ಲದ ಕ್ಷಣಗಳು ಕಡಿಮೆ. ಅಲ್ಲಿನ ಸ್ಲೋ ಏರ್ ಅನ್ನುವ ಪ್ರಕಾರ ಬಿಟ್ಟರೆ ಉಳಿದದ್ದೆಲ್ಲ ಕುಣಿತದ್ದೇ. ಇದು ನನಗೆ ತಲೆಗೆ ಹೋಗಿದ್ದು ಓದಿನಿಂದಲ್ಲ. ಆಗಸ್ಟಿನಲ್ಲಿ ಫೀಕಲ್‌ನಲ್ಲಿ ಪ್ರತಿವರ್ಷ ಸಂಗೀತೋತ್ಸವ ನಡೆಯುತ್ತೆ. ಅದಕ್ಕೆ ಅಂತ ಡಬ್ಲಿನ್‌ನಿಂದ ಲಿಮರಿಕ್‌ಗೆ ರೈಲು, ಅಲ್ಲಿಂದ ಆ ಸಹೋದ್ಯೋಗಿಯ ಅಣ್ಣನ ಕಾರು. ಊರು ಅಂದರೆ ಒಂದು ಬೀದಿ, ಕೆಲವು ಪಬ್, ಚರ್ಚು, ಸುತ್ತ ಹಸಿರು ದಿಣ್ಣೆ. ಹಾಲ್ ಒಂದರಲ್ಲಿ ಸೆಟ್ ಡಾನ್ಸ್ ನಡೀತಿತ್ತು. ನಾಲ್ಕು ಜೋಡಿ ಚೌಕವಾಗಿ ನಿಂತು ಕುಣಿಯೋದು. ಎಪ್ಪತ್ತು ದಾಟಿದ ಒಬ್ಬ ಅಜ್ಜ ಸೊಂಟದ ಮೇಲಿನ ಭಾಗ ಅಲ್ಲಾಡಿಸದೇ ಬರೀ ಪಾದದಲ್ಲಿ ಹಲಗೆಯ ಮೇಲೆ ತಾಳ ಹಾಕ್ತಿದ್ದ. ಅವನ ಹಿಮ್ಮಡಿ ನೆಲಕ್ಕೆ ಬೀಳೋದಕ್ಕೂ ಮತ್ತೆ ಮೇಲೆ ಏಳೋದಕ್ಕೂ ನಡುವೆ ಕೂದಲೆಳೆಯಷ್ಟು ಒಂದು ತಡ. ಆ ತಡ ನಾನು ಕೇಳಿದ್ದೇ! ಹೆಡ್‌ಫೋನಿನಲ್ಲಿ ಎಷ್ಟೋ ರಾತ್ರಿ ಕೇಳಿದ್ದೆ, ‘ಶಾಂತಿ’ ಅಂದುಕೊಂಡಿದ್ದೆ.

ಅವರು ಇದಕ್ಕೆ ‘ಲಿಫ್ಟ್’ ಅಂತಾರೆ. ಅಪಾರ್ಟ್‌ಮೆಂಟಿನ ಲಿಫ್ಟ್ ಅಲ್ಲ, ಕಾಲನ್ನು ನೆಲದಿಂದ ಎತ್ತಿಸುವ ಗುಣ. ಬರೆಯುವಾಗ ಎಲ್ಲಾ ಸ್ವರಗಳಿಗೂ ಒಂದೇ ಉದ್ದ. ನುಡಿಸುವಾಗ ಒಂದು ಒಂಚೂರು ಉದ್ದ, ಮುಂದಿನದು ಒಂಚೂರು ಗಿಡ್ಡ. ಆ ಏರುಪೇರಿನಲ್ಲೇ ಕುಣಿತ ಅಡಗಿ ಕೂತಿರುತ್ತೆ. ವೇಗವಾಗಿ ನುಡಿಸಿದರೆ ಇದು ತನ್ನಿಂದ ತಾನೇ ಸಿಕ್ಕಿದ ಹಾಗೆ ಕಾಣುತ್ತೆ. ನಿಧಾನ ಮಾಡಿದಾಗ ಲಿಫ್ಟ್ ಉಳಿಸಿಕೊಳ್ಳೋದೇ ಕಷ್ಟ. ಸೈಕಲ್ ನಿಧಾನವಾಗಿ ಹೊಡೆಯುವ ಸ್ಪರ್ಧೆ ಶಾಲೆಯಲ್ಲಿ ಆಡಿದವರಿಗೆ ಇದು ಗೊತ್ತು. ಕೊನೆಯವನಾಗಿ ಬಂದವನೇ ಗೆದ್ದವನು, ಆದರೆ ಕಾಲು ನೆಲಕ್ಕೆ ತಾಗಬಾರದು. ಹೇಯ್ಸ್ ನುಡಿಸುವ ವಿಡಿಯೋ ನೋಡಿ. ಕುರ್ಚಿಯಲ್ಲಿ ಕೂತು, ಗುಂಗುರು ಕೂದಲು ಮುಖಕ್ಕೆ ಬಿದ್ದು, ಕಣ್ಣು ಮುಚ್ಚಿದ್ದರೂ ಕಾಲು ಮಾತ್ರ ನೆಲ ತಟ್ಟುತ್ತಲೇ ಇರುತ್ತೆ. ನನ್ನ ಹೆಡ್‌ಫೋನಿಗೆ ಕಾಲು ಕಾಣಿಸುತ್ತಿರಲಿಲ್ಲ.

ಡೆನಿಸ್ ಕೇಹಿಲ್ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಕೆರ್ರಿ ಮೂಲದ ತಂದೆತಾಯಿಯ ಮಗ, ಹುಟ್ಟಿದ್ದು ಚಿಕಾಗೊದಲ್ಲಿ. 80ರ ದಶಕದಲ್ಲಿ ಹೇಯ್ಸ್ ಅಲ್ಲಿಗೆ ಹೋದಾಗ ಇಬ್ಬರೂ ಸೇರಿ ‘ಮಿಡ್‌ನೈಟ್ ಕೋರ್ಟ್’ ಅನ್ನುವ ರಾಕ್ ಬ್ಯಾಂಡ್ ಕಟ್ಟಿದರು. ಹೌದು, ರಾಕ್! ಪ್ಲಗ್ ಹಾಕಿ, ಸದ್ದು ಮಾಡಿ, ಎಲ್ಲಾ ನೋಡಿ ಆಮೇಲೆ ಈ ನಿಶ್ಶಬ್ದಕ್ಕೆ ಬಂದವರು ಇವರು. ಐರಿಷ್ ಸಂಗೀತದ ಗಿಟಾರಿಸ್ಟರು ಸಾಮಾನ್ಯವಾಗಿ ಬರಬರ ಅಂತ ಸ್ಟ್ರಮ್ ಮಾಡ್ತಾರೆ. ಕೇಹಿಲ್ ಕೆಲವು ಕಡೆ ಇಡೀ ಸಾಲಿಗೆ ಎರಡೇ ಸ್ವರ ಇಟ್ಟು ಸುಮ್ಮನಾಗ್ತಾನೆ. ನಮ್ಮ ಕಡೆ ಒಳ್ಳೆಯ ಮೃದಂಗದವರು ಗಾಯಕರ ಒಂದು ಸಂಗತಿ ಕೇಳಿಸಲಿ ಅಂತ ಕೈ ಎತ್ತಿಬಿಡ್ತಾರಲ್ಲ, ಆ ದೊಡ್ಡತನ. 2022ರಲ್ಲಿ ಕೇಹಿಲ್ ತೀರಿಕೊಂಡ. ಅದಾದ ಮೇಲೆ ಈ ಹಳೆಯ ರೆಕಾರ್ಡುಗಳಲ್ಲಿ ಅವನು ಬಿಟ್ಟ ಖಾಲಿ ಜಾಗಗಳು ನನಗೆ ಬೇರೆ ಥರ ಕೇಳಿಸ್ತವೆ.

ಬರೀ ಹೊಗಳಿ ಮುಗಿಸಿದರೆ ಅದು ವಿಮರ್ಶೆ ಅಲ್ಲ, ಫ್ಯಾನ್ ಪೇಜ್. ಹೇಯ್ಸ್ ಬಗ್ಗೆ ನನಗೆ ತಕರಾರೂ ಇದೆ. ಪಿಸುಮಾತಿನಿಂದ ಬಿರುಗಾಳಿಗೆ ಏರುವ ಆ ದಾರಿ ಮೊದಲ ಸಲ ಕೇಳಿದಾಗ ಮೈ ಜುಮ್ ಅನ್ನುತ್ತೆ, ನಾಲ್ಕನೇ ಕಛೇರಿಯ ಹೊತ್ತಿಗೆ ತಿರುವು ಎಲ್ಲಿ ಬರುತ್ತೆ ಅಂತ ಮೊದಲೇ ಗೊತ್ತಾಗುತ್ತೆ. ಜನ ಚಪ್ಪಾಳೆ ಹೊಡೆಯೋದು ಬಿರುಗಾಳಿಗೆ. ನನಗಿಷ್ಟ ಆಗೋದು ಮಧ್ಯದ ಭಾಗ, ಹೆಚ್ಚು ನಿಧಾನವೂ ಅಲ್ಲದ ವೇಗವೂ ಅಲ್ಲದ, ಎರಡು ಟ್ಯೂನಿನ ನಡುವೆ ದಾಟುವ ಆ ಹೊತ್ತು. 2014ರಲ್ಲಿ ಬಂದ ‘ದ ಗ್ಲೋಮಿಂಗ್’ ತಂಡದ ಮೊದಲ ಆಲ್ಬಮ್ ಆ ವರ್ಷದ ಅತ್ಯುತ್ತಮ ಐರಿಷ್ ಆಲ್ಬಮ್ ಅಂತ ಚಾಯ್ಸ್ ಪ್ರಶಸ್ತಿ ಗೆದ್ದಿತು. ಇಯರ್ಲಾ ಓ ಲಿನಾರ್ಡ್‌ನ ಹಾಡುಗಾರಿಕೆ, ಥಾಮಸ್ ಬಾರ್ಟ್‌ಲೆಟ್‌ನ ಪಿಯಾನೋ ಎಲ್ಲ ಸುಂದರ. ಆದರೆ ಕೆಲವೆಡೆ ಆ ಸೌಂದರ್ಯ ಅತಿಯಾಗಿ, ಅಜ್ಜನ ಹಿಮ್ಮಡಿ ಕೇಳಿಸದೇ ಹೋಗುತ್ತೆ. ನನ್ನಂಥ ‘ಫೋಕಸ್’ ಪ್ಲೇಲಿಸ್ಟ್ ಗಿರಾಕಿಗಳಿಗೆ ಅಂತಲೇ ಮಾಡಿದ ಹಾಗೆ. ಇದು ಕುಣಿಸುವ ಸಂಗೀತವನ್ನು ಕೂರಿಸಿಬಿಟ್ಟಿತು ಅಂತ ಗೊಣಗುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ.

ಆದರೂ ಹೇಯ್ಸ್‌ನನ್ನು ನಾನು ದೊಡ್ಡವನು ಅನ್ನೋದು ಯಾಕೆ ಅಂದರೆ, ತನ್ನ ಊರಿನ ನಾಲ್ಕು ಜನ ರೈತರು ಯಾವುದನ್ನು ಒಳ್ಳೆಯ ಸಂಗೀತ ಅಂದುಕೊಂಡಿದ್ದರೋ ಅದೇ ಅಳತೆಗೋಲನ್ನು ಹಿಡಿದುಕೊಂಡು ಅವನು ದೊಡ್ಡ ದೊಡ್ಡ ಹಾಲ್‌ಗಳಿಗೆ ಹೋದ. ಹಾಲ್‌ಗೆ ತಕ್ಕ ಹಾಗೆ ದನಿ ಏರಿಸಲಿಲ್ಲ, ಜನರೇ ಕುರ್ಚಿಯಲ್ಲಿ ಮುಂದೆ ಬಾಗಿ ಕೇಳುವ ಹಾಗೆ ಮಾಡಿದ. ಆರು ಸಲ ಗೆದ್ದ ಮೇಲೆ ಗೆಲ್ಲಿಸಿದ ಆ ಕೈಚಳಕವನ್ನೇ ಪಕ್ಕಕ್ಕಿಡೋಕೆ ಎಷ್ಟು ಧೈರ್ಯ ಬೇಕು ಅಂತ ಯೋಚಿಸಿ. ಅಪ್ರೈಸಲ್ ಬಂದಾಗ ಮಾಡಿದ್ದು, ಮಾಡದೇ ಇದ್ದದ್ದು ಎಲ್ಲಾ ಸೇರಿಸಿ ಬರೆಯುವ ನಮಗೆ ಇದು ಅಷ್ಟು ಸುಲಭಕ್ಕೆ ಅರ್ಥ ಆಗಲ್ಲ.

ಕೇಳಬೇಕು ಅನ್ನಿಸಿದವರಿಗೆ ನನ್ನ ದಾರಿ ಹೇಳ್ತೀನಿ. ಮೊದಲು 1959ರ ಎಲ್‌ಪಿ. ಆಮೇಲೆ 1993ರ ಅವನ ಮೊದಲ ಆಲ್ಬಮ್, ಹೆಸರು ‘ಮಾರ್ಟಿನ್ ಹೇಯ್ಸ್’ ಅಂತಲೇ. ಆಮೇಲೆ ‘ದ ಲೋನ್‌ಸಮ್ ಟಚ್’. ಆ 28 ನಿಮಿಷದ ಸರಣಿಯನ್ನು ಒಂದು ಭಾನುವಾರಕ್ಕೆ ಇಟ್ಟುಕೊಳ್ಳಿ, ಫೋನ್ ಇನ್ನೊಂದು ರೂಮಿನಲ್ಲಿರಲಿ. ಸಾಧ್ಯವಾದರೆ ಕೇಳುವಾಗ ಬರಿಗಾಲಲ್ಲಿರಿ. ನಿಮಗೆ ಗೊತ್ತಿಲ್ಲದ ಹಾಗೆ ಹಿಮ್ಮಡಿ ಏನು ಮಾಡುತ್ತೆ ನೋಡಿ.

ನಾನು ‘ಫೋಕಸ್’ ಪ್ಲೇಲಿಸ್ಟಿನಿಂದ ‘ಪ್ಯಾಡಿ ಫಾಹೀಸ್ ರೀಲ್’ ತೆಗೆದುಹಾಕಿದೆ. ಪ್ಯಾಡಿ ಫಾಹಿ ತಾನು ಕಟ್ಟಿದ ಟ್ಯೂನುಗಳಿಗೆ ಹೆಸರೇ ಇಡಲಿಲ್ಲವಂತೆ, ಹಾಗಾಗಿ ಎಲ್ಲದಕ್ಕೂ ‘ಪ್ಯಾಡಿ ಫಾಹಿಯದ್ದು’ ಅಂತಲೇ ಹೆಸರು. ಈಗ ಅದನ್ನು ಕೆಲಸ ಮಾಡ್ತಾ ಕೇಳಲ್ಲ. ರಾತ್ರಿ ಊಟ ಆದ ಮೇಲೆ ಅಡುಗೆಮನೆಯಲ್ಲಿ, ಸ್ಪೀಕರಿನಲ್ಲಿ ಹಾಕ್ತೀನಿ. ಮೊನ್ನೆ ಕೆಳಗಿನ ಮನೆಯವರು ಬಂದು, ಮೇಲೆ ಯಾರೋ ಕಾಲು ಕುಟ್ಟುತ್ತಿದ್ದಾರೆ, ಸ್ವಲ್ಪ ನೋಡ್ತೀರಾ ಅಂದರು. ಸಾರಿ ಅಂದೆ.